ಓದುಗರ ಪ್ರಶ್ನೆ–ಉತ್ತರ: ಸೊಪ್ಪು ತರಕಾರಿ ಕ್ಯಾನ್ಸರನ್ನು ತಡೆಯುವುದೆಷ್ಟು?

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಊಟಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನೇ ಕೇಳಿದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಸಸ್ಯಾಹಾರಿ ಮನೆತನ. ಹೀಗಿದ್ದೂ ನಮ್ಮ ಭಾವನವರಿಗೆ, ಅಂದರೆ ಯಜಮಾನರ ಅಣ್ಣನಿಗೆ, 48ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಮಾಂಸ ಮುಟ್ಟದವರಿಗೆ ಈ ಕಾಯಿಲೆ ಬರುವುದಿಲ್ಲವೆಂದು ನಂಬಿದ್ದೆವು. ತರಕಾರಿ ಹೆಚ್ಚು ತಿಂದರೆ ಕ್ಯಾನ್ಸರ್ ತಪ್ಪುತ್ತದೆ ಎನ್ನುವುದು ನಿಜವೇ? ನಮ್ಮ ಯಜಮಾನರಿಗೆ ಈಗ 44. ಅವರು ಏನು ಮಾಡಬೇಕು? — ಹಾಸನ

ಉತ್ತರ: ಮಾಂಸ ಬಿಟ್ಟವರಿಗೆ ಕ್ಯಾನ್ಸರ್ ಬಾರದು ಎಂಬುದಕ್ಕೆ ಆಧಾರವಿಲ್ಲ. ತರಕಾರಿ, ಕಾಳು, ಹೊಟ್ಟು ತೆಗೆಯದ ಧಾನ್ಯಗಳು ಧಾರಾಳವಾಗಿರುವ ಊಟದಿಂದ ಕೆಲವು ಬಗೆಯ ಕ್ಯಾನ್ಸರುಗಳ ಸಾಧ್ಯತೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ ಎಂಬುದಕ್ಕೆ ಆಧಾರವಿದೆ. ಈ ಎರಡು ಮಾತುಗಳ ನಡುವಿನ ಅಂತರ ದೊಡ್ಡದು, ಮತ್ತು ನಮ್ಮಲ್ಲಿ ಅನೇಕರು ಎರಡನೆಯದನ್ನು ಕೇಳಿಸಿಕೊಂಡು ಮೊದಲನೆಯದನ್ನು ನಂಬುತ್ತಾರೆ.

1990ರ ದಶಕದಲ್ಲಿ ಹಣ್ಣು ತರಕಾರಿಗಳ ವಿಷಯದಲ್ಲಿ ವಿಜ್ಞಾನಿಗಳಿಗೂ ಬಹಳ ಉತ್ಸಾಹವಿತ್ತು. ಆಗಿನ ಎಷ್ಟೋ ಅಧ್ಯಯನಗಳು ರೋಗ ಬಂದವರನ್ನು ಕೂರಿಸಿಕೊಂಡು ‘ಕೆಲವು ವರ್ಷಗಳ ಹಿಂದೆ ಏನೇನು ತಿನ್ನುತ್ತಿದ್ದಿರಿ’ ಎಂದು ಕೇಳಿ ಬರೆದುಕೊಂಡಂಥವು. ಕಾಯಿಲೆಯಲ್ಲಿರುವವರು ತಮ್ಮ ಹಳೆಯ ಊಟವನ್ನು ನೆನೆಯುವಾಗ ತಪ್ಪನ್ನು ಹುಡುಕುತ್ತಲೇ ನೆನೆಯುವುದರಿಂದ ಆ ಲೆಕ್ಕಗಳಲ್ಲಿ ತರಕಾರಿಯ ಲಾಭ ಹಿಗ್ಗಿ ಕಂಡಿತು. ಅನಂತರ ಯುರೋಪಿನ 10 ದೇಶಗಳಲ್ಲಿ ಸುಮಾರು 5 ಲಕ್ಷ ಜನರ ಊಟವನ್ನು ಅವರು ಆರೋಗ್ಯವಾಗಿರುವಾಗಲೇ ದಾಖಲಿಸಿ, ವರ್ಷಗಟ್ಟಲೆ ಅವರನ್ನು ಗಮನಿಸಿದ ಎಪಿಕ್ ಅಧ್ಯಯನದ ಫಲಿತಾಂಶ 2010ರಲ್ಲಿ ಹೊರಬಂದಾಗ, ದಿನಕ್ಕೆ 200 ಗ್ರಾಂ ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಎಲ್ಲ ಬಗೆಯ ಕ್ಯಾನ್ಸರುಗಳೂ ಸೇರಿ ಶೇಕಡಾ 3ರಷ್ಟು ಮಾತ್ರ ಕಡಿಮೆಯೆಂದು ತಿಳಿಯಿತು. ಬ್ರಿಟನ್ನಿನಲ್ಲಿ ಸುಮಾರು 4.7 ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ವಾರಕ್ಕೆ ಐದಕ್ಕಿಂತ ಹೆಚ್ಚು ಸಲ ಮಾಂಸ ತಿನ್ನುವವರಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಕ್ಯಾನ್ಸರ್ ಶೇಕಡಾ 14ರಷ್ಟು ಕಡಿಮೆಯಿತ್ತು. ಅಲ್ಲಿನ ಸಸ್ಯಾಹಾರಿಗಳು ಸಿಗರೇಟು ಸೇದುವುದು ಕಡಿಮೆ, ಮೈತೂಕವೂ ಕಡಿಮೆ. ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರಿನಲ್ಲಿ ಕಂಡ ಇಳಿಕೆಗೆ ಬಹುಮಟ್ಟಿಗೆ ಮೈತೂಕವೇ ಕಾರಣವಿರಬೇಕೆಂದು ಆ ಸಂಶೋಧಕರೇ ಹೇಳಿದ್ದಾರೆ.

ದೊಡ್ಡ ಕರುಳಿನ ವಿಷಯಕ್ಕೆ ಬಂದರೆ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರು ಅಲ್ಲಿನ ಹಳ್ಳಿಗರಲ್ಲಿ ಈ ಕ್ಯಾನ್ಸರ್ ಬಹಳ ಅಪರೂಪವೆಂದು ಗಮನಿಸಿ, ಅವರ ಊಟದಲ್ಲಿ ನಾರಿನಂಶ ಹೆಚ್ಚಿರುವುದೇ ಇದಕ್ಕೆ ಕಾರಣವಿರಬಹುದೆಂದು 1971ರಲ್ಲಿ ಬರೆದರು. ಅದು ಆಗ ಊಹೆಯಷ್ಟೇ ಆಗಿತ್ತು, ಈಗ ಅದರ ಹಿಂದಿನ ಕ್ರಿಯೆ ಸಾಕಷ್ಟು ತಿಳಿದಿದೆ. ನಾರನ್ನು ನಮ್ಮ ಹೊಟ್ಟೆ ಅರಗಿಸಲಾರದು. ಅದು ಹಾಗೆಯೇ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ, ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಜೊತೆಗೆ ಮಲದ ಗಾತ್ರ ಹೆಚ್ಚಿ ಅದು ಬೇಗ ಹೊರಹೋಗುವುದರಿಂದ, ಅದರಲ್ಲಿರುವ ಹಾನಿಕಾರಕ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿಯ ಪ್ರಕಾರ ದಿನಕ್ಕೆ 90 ಗ್ರಾಂ ಇಡಿಧಾನ್ಯ ತಿನ್ನುವುದರಿಂದ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 17ರಷ್ಟು ತಗ್ಗುತ್ತದೆ, ನಾರಿನಂಶ ದಿನಕ್ಕೆ 30 ಗ್ರಾಂ ಇರಬೇಕು.

ಇನ್ನು ನಮ್ಮ ಸಸ್ಯಾಹಾರಿ ತಟ್ಟೆಯನ್ನು ನೋಡಿ. ಗುಡ್ಡೆಯಷ್ಟು ಪಾಲಿಶ್ ಅಕ್ಕಿಯ ಅನ್ನ, ಅದರ ಮೇಲೆ ತಿಳಿಸಾರು, ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ, ಕೊನೆಗೆ ಮತ್ತೊಂದು ಸುತ್ತು ಅನ್ನಕ್ಕೆ ಮೊಸರು. ತರಕಾರಿಯೆಂದರೆ ಹುಳಿಯಲ್ಲಿ ತೇಲುವ ಎರಡು ನುಗ್ಗೆಕಾಯಿ ತುಂಡು, ಚಮಚದಷ್ಟು ಆಲೂಗಡ್ಡೆ ಪಲ್ಯ. ಇದರಲ್ಲಿ ಮಾಂಸವಿಲ್ಲ ಎನ್ನುವುದು ನಿಜ, ಆದರೆ ತರಕಾರಿಯೂ ಇಲ್ಲ, ನಾರೂ ಇಲ್ಲ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇರುತ್ತದೆ. ನಿಮ್ಮ ಭಾವನವರ ಕಾಯಿಲೆಗೆ ಊಟವೇ ಕಾರಣವೆಂದು ನಾನು ಹೇಳುತ್ತಿಲ್ಲ, ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ. ಸಸ್ಯಾಹಾರವೆಂಬ ಹೆಸರು ಕಾಪಾಡುತ್ತದೆಂದು ನಂಬಿ ತಟ್ಟೆಯನ್ನು ನೋಡದೆ ಇರುವುದು ಸರಿಯಲ್ಲ ಎಂಬುದಷ್ಟೇ ನನ್ನ ಮಾತು.

ನಿಮ್ಮ ಯಜಮಾನರ ವಿಷಯದಲ್ಲಿ ತರಕಾರಿಗಿಂತ ಮುಂಚೆ ಆಗಬೇಕಾದ ಕೆಲಸವೊಂದಿದೆ. ಒಡಹುಟ್ಟಿದವರಲ್ಲಿ ಅಥವಾ ತಂದೆ ತಾಯಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಂಡಿದ್ದರೆ, 40ನೇ ವಯಸ್ಸಿನಲ್ಲಿ ಅಥವಾ ಆ ಸಂಬಂಧಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವುಗಳಲ್ಲಿ ಯಾವುದು ಮುಂಚೆ ಬರುತ್ತದೋ ಆಗ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಭಾಗವನ್ನು ನೋಡುವ ಪರೀಕ್ಷೆ, ಮಾಡಿಸುವುದು ಸಾಮಾನ್ಯ ಸಲಹೆ. ಆ ಲೆಕ್ಕದಲ್ಲಿ ಅವರಿಗೆ 38ಕ್ಕೇ ಆಗಬೇಕಿತ್ತು. ತಡಮಾಡದೆ ಜಠರ ಮತ್ತು ಕರುಳಿನ ತಜ್ಞರನ್ನು ಕಾಣಲಿ. ಪರೀಕ್ಷೆಯಲ್ಲಿ ಪಾಲಿಪ್ ಎಂಬ ಚಿಕ್ಕ ಗಂಟು ಕಂಡರೆ, ಅದು ಕ್ಯಾನ್ಸರ್ ಆಗುವ ಮೊದಲೇ ಬಹುಮಟ್ಟಿಗೆ ಅಲ್ಲಿಯೇ ತೆಗೆದುಬಿಡುತ್ತಾರೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ನಾಟಿ ಔಷಧ ತೆಗೆದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ, ಹಾಗಾಗದಿರಲಿ.

ಪ್ರಶ್ನೆ: ದಿನಕ್ಕೆ 400 ಗ್ರಾಂ ತರಕಾರಿ ತಿನ್ನಬೇಕೆಂದು ಓದಿದೆ. ಅಡುಗೆಮನೆಯ ಲೆಕ್ಕದಲ್ಲಿ ಅದು ಎಷ್ಟು? ನಾಲ್ಕು ಜನರ ಮನೆಯಲ್ಲಿ ಇದು ಸಾಧ್ಯವೇ? — ಮೈಸೂರು

ಉತ್ತರ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ ಎಂದು ಹೇಳಿದೆ. ಇದು ಹಸಿ ತೂಕದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 400 ಗ್ರಾಂ ಬೇರೆ, ಅದರಲ್ಲಿ ಹಣ್ಣೂ ಸೇರಿರುತ್ತದೆ, ಆಲೂಗಡ್ಡೆ ಮತ್ತು ಗೆಣಸು ಸೇರುವುದಿಲ್ಲ. ಆದ್ದರಿಂದ ಮಸಾಲೆದೋಸೆಯೊಳಗಿನ ಪಲ್ಯವನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ.

ನಾಲ್ವರಿಗೆ ದಿನಕ್ಕೆ 1 ಕಿಲೋ 600 ಗ್ರಾಂ, ವಾರಕ್ಕೆ 11 ಕಿಲೋ ದಾಟುತ್ತದೆ. ವಾರಕ್ಕೊಮ್ಮೆ ಸಂತೆಯಿಂದ ನೀವು ತರುವ ಚೀಲವನ್ನು ಒಂದು ಸಲ ತೂಗಿ ನೋಡಿ. ಅದರಲ್ಲಿ ಈರುಳ್ಳಿ ಮತ್ತು ಆಲೂಗಡ್ಡೆಯನ್ನು ಕಳೆದ ಮೇಲೆ ಉಳಿಯುವುದೆಷ್ಟು ಎಂಬುದೇ ನಿಮ್ಮ ಪ್ರಶ್ನೆಗೆ ಮೊದಲ ಉತ್ತರ. ಒಮ್ಮೆಲೇ ಅಷ್ಟಕ್ಕೆ ಏರಬೇಕಾಗಿಲ್ಲ, ಏರಲೂ ಬಾರದು. ನಾರು ದಿಢೀರನೆ ಹೆಚ್ಚಾದರೆ ಹೊಟ್ಟೆಯುಬ್ಬರ ಬಂದು ಮನೆಯವರೆಲ್ಲ ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾರೆ. ನೀರು ಕುಡಿಯುವುದನ್ನೂ ಹೆಚ್ಚಿಸಿ, ಕೆಲವು ವಾರಗಳಲ್ಲಿ ಮೆಲ್ಲಗೆ ಏರಿಸಿ.

ತರಕಾರಿಯನ್ನು ಪಕ್ಕದಲ್ಲಿ ಬಡಿಸುವ ಪದಾರ್ಥವಾಗಿ ಉಳಿಸಿಕೊಂಡರೆ 400 ಗ್ರಾಂ ತಲುಪುವುದು ಕಷ್ಟ. ಊಟದ ಮುಖ್ಯ ಭಾಗವೇ ಅದಾಗಬೇಕು. ಇದಕ್ಕೆ ಹೊರಗಿನ ಅಡುಗೆ ಕಲಿಯುವ ಅಗತ್ಯವಿಲ್ಲ. ಹಳೆಯ ಮೈಸೂರಿನ ಬಸ್ಸಾರನ್ನೇ ತೆಗೆದುಕೊಳ್ಳಿ. ಹೆಸರುಕಾಳನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನೊಂದಿಗೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡಿ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಸೊಪ್ಪು ಬೇಯಿಸಿದ ನೀರಿಗೆ ಇಳಿದುಬಿಡುವ ಫೋಲೇಟ್‌ನಂಥ ಜೀವಸತ್ವಗಳಲ್ಲಿ ಉಳಿದಷ್ಟೂ ಸಾರಿನಲ್ಲಿ ನಮಗೆ ಸಿಗುತ್ತದೆ, ನಾರು ಪಲ್ಯದಲ್ಲಿ ಸಿಗುತ್ತದೆ, ಜೊತೆಗೆ ಮುದ್ದೆಯಿದ್ದರೆ ಅನ್ನದ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಸೊಪ್ಪು ಬೆಂದರೆ ಕುಗ್ಗುತ್ತದೆ. ದೊಡ್ಡ ಕಟ್ಟು ಹರಿವೆ ಬಾಣಲೆಯಲ್ಲಿ ಒಂದು ಹಿಡಿಯಾಗುವುದರಿಂದ ನಾಲ್ವರಿಗೆ ಒಂದು ಕಟ್ಟು ಸಾಲದು. ಮಲೆನಾಡು, ಕರಾವಳಿಯವರು ಒಂದೆಲಗದ ತಂಬುಳಿಯನ್ನೂ ಬಸಳೆ ಹುಳಿಯನ್ನೂ, ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ, ಈರುಳ್ಳಿ ಸೊಪ್ಪನ್ನು ತಿನ್ನುವ ರೂಢಿಯನ್ನೂ ಬಿಡದಿದ್ದರೆ ಸಾಕು. ಖರ್ಚಿನ ಚಿಂತೆಯಿದ್ದವರು ಬ್ರೊಕೋಲಿಯ ಕಡೆ ನೋಡದೆ ಸೋರೆ, ಸೀಮೆಬದನೆ, ಎಲೆಕೋಸು, ಮೂಲಂಗಿ, ಹಿತ್ತಲಿನ ನುಗ್ಗೆಸೊಪ್ಪನ್ನು ನೆಚ್ಚಿಕೊಳ್ಳಬಹುದು. ದುಬಾರಿ ತರಕಾರಿಯಲ್ಲಿ ವಿಶೇಷ ಕ್ಯಾನ್ಸರ್ ನಿರೋಧಕ ಶಕ್ತಿಯಿದೆ ಎಂಬುದು ಬರೀ ಮಾರಾಟದ ಮಾತು.

ಒಂದು ಎಚ್ಚರಿಕೆ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಏಕೆಂದರೆ ಅದರಲ್ಲಿರುವ ಕೆ ಜೀವಸತ್ವ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಪ್ರಶ್ನೆ: ಭಾನುವಾರ ಮನೆಯಲ್ಲಿ ಮಟನ್ ಮಾಡುತ್ತೇವೆ. ಮಾಂಸ ಬೀಡಿ ಸಿಗರೇಟಿನಷ್ಟೇ ಅಪಾಯವೆಂದು ಮಗಳು ಹೇಳುತ್ತಾಳೆ. ಪೂರ್ತಿ ಬಿಡಬೇಕೇ? — ಮಂಡ್ಯ

ಉತ್ತರ: ನಿಮ್ಮ ಮಗಳು ಹೇಳಿದ ಮಾತಿನ ಮೂಲ ಹೀಗಿದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರ ಅಕ್ಟೋಬರಿನಲ್ಲಿ ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಸಲಾಮಿ, ಬೇಕನ್, ಹ್ಯಾಮ್‌ಗಳನ್ನು, ಕ್ಯಾನ್ಸರ್ ತರುವುದು ಖಚಿತವೆನಿಸಿದ ವಸ್ತುಗಳ, ತಂಬಾಕು ಕೂಡ ಇರುವ, ಮೊದಲನೆಯ ಗುಂಪಿಗೆ ಸೇರಿಸಿತು. ಆ ಗುಂಪು ಪುರಾವೆ ಎಷ್ಟು ಖಚಿತವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು; ಇದರರ್ಥ 100ರಲ್ಲಿ 18 ಜನರಿಗೆ ಬರುತ್ತದೆಂದಲ್ಲ. ಜೀವಮಾನದಲ್ಲಿ 100ರಲ್ಲಿ 5 ಜನರಿಗೆ ಬರುವ ಕಡೆ ಅದು ಹೆಚ್ಚುಕಡಿಮೆ 6 ಆಗುತ್ತದೆ, ಅಷ್ಟೇ. ಧೂಮಪಾನವಾದರೋ ಶ್ವಾಸಕೋಶದ ಕ್ಯಾನ್ಸರನ್ನು ಹತ್ತಾರು ಪಟ್ಟು ಏರಿಸುತ್ತದೆ.

ಕುರಿ, ಆಡು, ಹಂದಿ, ದನದ ಮಾಂಸಗಳು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಎರಡನೆಯ ಗುಂಪಿನಲ್ಲಿವೆ, ಕೋಳಿ ಮತ್ತು ಮೀನು ಆ ಪಟ್ಟಿಗೆ ಸೇರಿಲ್ಲ. ಬೇಯಿಸಿದ ಮೇಲಿನ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಒಳಗಿದ್ದರೆ ಸಾಕೆಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ವಾರಕ್ಕೊಂದು ದಿನ ಮನೆಯಲ್ಲಿ ಬೇಯಿಸಿ ಮಾಡುವ ಸಾರು ಆ ಮಿತಿಯನ್ನು ದಾಟುವುದು ಕಷ್ಟ. ಕೆಂಡದ ಮೇಲೆ ಕರಕಲಾಗುವಂತೆ ಸುಡುವುದನ್ನು ಕಡಿಮೆ ಮಾಡಿ. ಫ್ರೀಜರಿನಿಂದ ತೆಗೆದು ಕರಿಯುವ ಸಾಸೇಜುಗಳನ್ನು ಬಿಟ್ಟೇಬಿಡಿ. ಮಂಡ್ಯದ ಮನೆಯಲ್ಲಿ ಉಳಿದ ಆರು ದಿನ ಮುದ್ದೆ, ಸೊಪ್ಪಿನ ಸಾರು, ಕಾಳು ನಡೆಯುತ್ತಿದ್ದರೆ ನಿಮ್ಮ ಊಟ ನಾನು ಮೇಲೆ ವರ್ಣಿಸಿದ ಸಸ್ಯಾಹಾರಿ ತಟ್ಟೆಗಿಂತ ಎಷ್ಟೋ ಮೇಲು.

ಪ್ರಶ್ನೆ: ತರಕಾರಿ ತಿನ್ನಲು ಬೇಸರವಾದವರು ಅವುಗಳ ಸಾರವಿರುವ ಕ್ಯಾಪ್ಸೂಲ್ ನುಂಗಿದರೆ ಸಾಕೇ? ವಿದೇಶದಲ್ಲಿರುವ ಮಗ ಬೀಟಾ ಕ್ಯಾರೊಟಿನ್ ಡಬ್ಬಿ ಕಳಿಸಿದ್ದಾನೆ. — ಬೆಳಗಾವಿ

ಉತ್ತರ: ನೀವು ಬೀಡಿ ಸಿಗರೇಟು ಸೇದುವವರಾಗಿದ್ದರೆ ಆ ಡಬ್ಬಿಯನ್ನು ಮುಟ್ಟಲೇಬೇಡಿ. ಹಳದಿ, ಕಿತ್ತಳೆ ಬಣ್ಣದ ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಕಂಡಾಗ, ಆ ಬಣ್ಣ ಕೊಡುವ ಬೀಟಾ ಕ್ಯಾರೊಟಿನನ್ನೇ ಬೇರ್ಪಡಿಸಿ ಕೊಟ್ಟರೆ ಹೇಗೆಂದು ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ಪರೀಕ್ಷಿಸಿದರು. ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಯಿತೆಂದು 1994ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಮತ್ತೊಂದು ಪರೀಕ್ಷೆಯಲ್ಲಿ ಹೆಚ್ಚಳ ಶೇಕಡಾ 28ರಷ್ಟಿದ್ದುದರಿಂದ 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಕುಂಬಳಕಾಯಿಯಲ್ಲಿ ಬೀಟಾ ಕ್ಯಾರೊಟಿನ್ ನಾರು, ನೀರು, ನೂರಾರು ಬೇರೆ ವಸ್ತುಗಳ ನಡುವೆ ಅಲ್ಪ ಪ್ರಮಾಣದಲ್ಲಿರುತ್ತದೆ. ಮಾತ್ರೆಯಲ್ಲಿ ಅದೊಂದೇ ದೊಡ್ಡ ಪ್ರಮಾಣದಲ್ಲಿರುತ್ತದೆ. ಕ್ಯಾನ್ಸರ್ ತಡೆಯಲೆಂದು ಯಾವ ಪೂರಕ ಮಾತ್ರೆಯನ್ನೂ ನಾನು ಸೂಚಿಸುವುದಿಲ್ಲ. ಹಾಲು ಮೊಸರನ್ನೂ ಬಿಟ್ಟವರಿಗೆ ಬಿ12 ಮಾತ್ರೆ ಬೇಕಾಗುತ್ತದೆ, ಅದು ಬೇರೆ ಕಾರಣಕ್ಕೆ.

ಪ್ರಶ್ನೆ: ಅಡಿಕೆಯೂ ಗಿಡದಿಂದಲೇ ಬಂದದ್ದಲ್ಲವೇ? ತಂಬಾಕು ಇಲ್ಲದೆ ಬರೀ ಎಲೆ ಅಡಿಕೆ ಹಾಕಿಕೊಂಡರೆ ತೊಂದರೆಯೇನು? — ಶಿರಸಿ

ಉತ್ತರ: ಅಡಿಕೆ ಬೆಳೆದೇ ಬದುಕುವ ಊರಿಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಅಡಿಕೆಯನ್ನು, ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಸೇರಿಸಿ, ಮೇಲೆ ಹೇಳಿದ ಲಿಯಾನಿನ ಸಂಸ್ಥೆ ಮೊದಲನೆಯ ಗುಂಪಿಗೆ ಸೇರಿಸಿ ಬಹಳ ವರ್ಷಗಳಾದವು. ದವಡೆಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವವರ ಬಾಯಿಯ ಒಳಚರ್ಮ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿ ಬರುತ್ತದೆ, ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಭಾರತದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಇಷ್ಟೊಂದು ಇರುವುದಕ್ಕೆ ತಂಬಾಕು, ಅಡಿಕೆ, ಮದ್ಯ ಈ ಮೂರೂ ಹೊಣೆ. ಇವುಗಳನ್ನು ಮುಂದುವರಿಸಿಕೊಂಡು ತಟ್ಟೆಗೆ ಸೊಪ್ಪು ಸೇರಿಸುವುದರಿಂದ ಲೆಕ್ಕ ಸರಿಹೋಗುವುದಿಲ್ಲ.

ಪ್ರಶ್ನೆ: ಔಷಧ ಸಿಂಪಡಿಸಿದ ತರಕಾರಿ ತಿನ್ನುವುದಕ್ಕಿಂತ ತಿನ್ನದಿರುವುದೇ ಒಳ್ಳೆಯದಲ್ಲವೇ? — ಚಳ್ಳಕೆರೆ

ಉತ್ತರ: ಅಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಎಲೆಕೋಸಿನ ಹೊರಪದರಗಳನ್ನು ಕಿತ್ತು, ಒಂದೇ ತರಕಾರಿಯನ್ನು ದಿನವೂ ತಿನ್ನದೆ ಬದಲಿಸುತ್ತಿದ್ದರೆ ಲಾಭವೇ ಹೆಚ್ಚು. ನೀವು ಕಡಲೆಕಾಯಿ ಬೆಳೆಯುವ ಸೀಮೆಯವರಾದ್ದರಿಂದ ಇದಕ್ಕಿಂತ ದೊಡ್ಡ ಅಪಾಯವೊಂದನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ 1960ರಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷದ ಪತ್ತೆಯಾಯಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಖಚಿತ ಕಾರಣ. ಹೆಪಟೈಟಿಸ್ ಬಿ ಇರುವವರಲ್ಲಿ ಅಪಾಯ ಅನೇಕ ಪಟ್ಟು ಏರುತ್ತದೆ. ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಸುಕ್ಕಿದ, ಬೂಷ್ಟು ವಾಸನೆಯ ಬೀಜವನ್ನು ಆರಿಸಿ ಎಸೆಯಿರಿ, ಅದನ್ನೇ ಚಟ್ನಿಪುಡಿಗೆ ತಳ್ಳಬೇಡಿ. ದನಕ್ಕೂ ಹಾಕಬೇಡಿ, ಹಾಲಿನಲ್ಲಿ ಇಳಿಯುತ್ತದೆ. ಕೊಯ್ಲಾದ ಮೇಲೆ ಚೆನ್ನಾಗಿ ಒಣಗಿಸದೆ ಮೂಟೆ ಕಟ್ಟಬಾರದು.

ಪ್ರಶ್ನೆ: ತಾಯಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಹಾಲು, ಮೊಸರು, ಅನ್ನ, ಬೇಳೆ ಎಲ್ಲ ನಿಲ್ಲಿಸಿ ಬರೀ ಹಸಿ ತರಕಾರಿ ರಸ, ಗೋಧಿಹುಲ್ಲಿನ ರಸ ಕೊಟ್ಟರೆ ಗುಣವಾಗುತ್ತದೆಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. — ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ರೋಗ ಬಾರದಂತೆ ಹತ್ತಾರು ವರ್ಷ ತಿನ್ನುವ ಊಟ ಬೇರೆ, ಚಿಕಿತ್ಸೆಯ ನಡುವೆ ಇರುವವರ ಊಟ ಬೇರೆ. ಕೀಮೋ ಪಡೆಯುತ್ತಿರುವವರಿಗೆ ಮುಖ್ಯವಾಗಿ ಬೇಕಾದದ್ದು ಸಾಕಷ್ಟು ಶಕ್ತಿ ಮತ್ತು ಪ್ರೋಟೀನ್. ಬರೀ ರಸದಲ್ಲಿ ಇವೆರಡೂ ಇಲ್ಲ, ನಾರು ಕೂಡ ಹಿಂಡಿ ಹೋಗಿರುತ್ತದೆ. ತೂಕ ಇಳಿದು ನಿತ್ರಾಣವಾದರೆ ಮುಂದಿನ ಸುತ್ತಿನ ಔಷಧವನ್ನೇ ಮುಂದೂಡಬೇಕಾಗಿ ಬರಬಹುದು. ಬಿಳಿ ರಕ್ತಕಣಗಳು ಇಳಿದಿರುವ ದಿನಗಳಲ್ಲಿ ಸರಿಯಾಗಿ ತೊಳೆಯದ ಹಸಿ ಸೊಪ್ಪು, ಹೊರಗಿನ ಹಣ್ಣಿನ ರಸಗಳಿಂದ ಸೋಂಕು ತಗಲುವ ಭಯವೂ ಇದೆ. ಆಗ ಚೆನ್ನಾಗಿ ಬೇಯಿಸಿದ ತರಕಾರಿ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣಿನಂಥ ಹಣ್ಣು, ಕುದಿಸಿ ಆರಿಸಿದ ನೀರು ಮೇಲು. ಬಾಯಿಹುಣ್ಣಾದಾಗ ಖಾರವಿಲ್ಲದ ತೊವ್ವೆ, ಹಾಲು ಹಾಕಿದ ರಾಗಿ ಗಂಜಿ, ಮೆತ್ತಗಿನ ಪೊಂಗಲ್, ತಿನ್ನುವ ಅಭ್ಯಾಸವಿದ್ದರೆ ಬೇಯಿಸಿದ ಮೊಟ್ಟೆ ಇವನ್ನು ಒಂದೇ ಸಲ ತಟ್ಟೆ ತುಂಬಿಸದೆ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ಅಡುಗೆಗೆ ಹಾಕುವ ಅರಿಸಿನದಿಂದ ತೊಂದರೆಯಿಲ್ಲ. ಅದರ ಸಾರದ ಮಾತ್ರೆಯನ್ನೋ ಹೆಸರಿಲ್ಲದ ಪುಡಿಯನ್ನೋ ಕೊಡುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಲೇಬೇಕು.

ಬಂಧುಗಳು ಚಿಕಿತ್ಸೆಯನ್ನೇ ನಿಲ್ಲಿಸಿ ಎನ್ನುವ ಹಂತಕ್ಕೆ ಬಂದರೆ ಈ ಅಂಕಿಯನ್ನು ತೋರಿಸಿ: ಬೇರೆಡೆಗೆ ಹರಡದ ಕ್ಯಾನ್ಸರ್ ಇದ್ದೂ ವೈದ್ಯಕೀಯ ಚಿಕಿತ್ಸೆಯನ್ನು ನಿರಾಕರಿಸಿ ಪರ್ಯಾಯ ದಾರಿ ಹಿಡಿದವರಲ್ಲಿ ಸಾವಿನ ಅಪಾಯ ಸುಮಾರು 2.5 ಪಟ್ಟು, ಸ್ತನ ಕ್ಯಾನ್ಸರಿನಲ್ಲಿ 5 ಪಟ್ಟಿಗೂ ಹೆಚ್ಚು ಇತ್ತೆಂದು 2018ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಪ್ರೀತಿಯಿಂದ ಹೇಳುವವರನ್ನು ನೋಯಿಸುವುದು ಕಷ್ಟವೆಂದು ಬಲ್ಲೆ. ಒಬ್ಬ ಹಿರಿಯರನ್ನು ಮುಂದಿನ ಭೇಟಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿನ ಆಹಾರತಜ್ಞರಿಂದಲೇ ಕೇಳಿಸಿ.

ಪ್ರಶ್ನೆ: ಎಲೆಕೋಸನ್ನು ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೇಯಿಸಬೇಕೆನ್ನುತ್ತಾರಲ್ಲ, ಏಕೆ? — ಉಡುಪಿ

ಉತ್ತರ: ಕೋಸು, ಹೂಕೋಸು, ನವಿಲುಕೋಸು, ಮೂಲಂಗಿಗಳ ಘಾಟಿಗೆ ಕಾರಣವಾದ ಸಲ್ಫೊರಾಫೇನ್‌ನಂಥ ವಸ್ತುಗಳು ಗಿಡದಲ್ಲಿ ಸಿದ್ಧವಾಗಿರುವುದಿಲ್ಲ. ಹೆಚ್ಚಿದಾಗ ಕೋಶಗಳು ಒಡೆದು, ಒಳಗಿನ ಕಿಣ್ವವೊಂದು ಮೂಲವಸ್ತುವಿನೊಡನೆ ಬೆರೆತ ಮೇಲಷ್ಟೇ ಅವು ತಯಾರಾಗುತ್ತವೆ. ಹೆಚ್ಚಿದ ಕೂಡಲೇ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಅದರ ಕೆಲಸ ಮುಗಿದಿರುತ್ತದೆ. ಪ್ರಯೋಗಾಲಯದಲ್ಲಿ ಈ ವಸ್ತುಗಳು ಭರವಸೆ ಹುಟ್ಟಿಸಿವೆ, ಮನುಷ್ಯರಲ್ಲಿ ಕ್ಯಾನ್ಸರ್ ತಡೆಯುತ್ತವೆಂದು ಸಾಬೀತಾಗಿಲ್ಲ. ಹಾಗಾಗಿ ಸಮಯವಿದ್ದರೆ ಬಿಡಿ, ಇಲ್ಲದಿದ್ದರೆ ಚಿಂತೆ ಬೇಡ. ಇದೇ ಕಿಣ್ವ ಹಸಿ ಸಾಸಿವೆಯಲ್ಲೂ ಇದೆ. ಒಗ್ಗರಣೆಯ ಎಣ್ಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಅದು ಉಳಿದಿರುವುದಿಲ್ಲ. ನಿಮ್ಮ ಕಡೆ ತೆಂಗಿನಕಾಯಿಯೊಡನೆ ಹಸಿ ಸಾಸಿವೆ ಅರೆದು ಮೊಸರಿಗೆ ಬೆರೆಸುವ ‘ಸಾಸಿವೆ’ ಎಂಬ ಪದಾರ್ಥದಲ್ಲಿ ಉಳಿದಿರುತ್ತದೆ. ಆದ್ದರಿಂದ ಬೆಂದ ಕೋಸು ಆರಿದ ಮೇಲೆ ಈ ಅರಪ್ಪನ್ನು ಕಲಸಿದರೂ ನಡೆಯುತ್ತದೆ.